ಕೊಲೆಸ್ಟ್ರಾಲ್ ಮಾತ್ರೆ: ನಿಲ್ಲಿಸುವ ಮುನ್ನ ಒಂದು ಲೆಕ್ಕ



ಈ ಸಲದ ಮಾತು ಒಂದು ಪುಟ್ಟ ಮಾತ್ರೆಯ ಬಗ್ಗೆ. ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರು ನುಂಗುವ ಮಾತ್ರೆಗಳಲ್ಲಿ ಒಂದರ ಸ್ಟ್ರಿಪ್ ಮೇಲೆ ಅಟೊರ್ವಾಸ್ಟಾಟಿನ್ ಎಂದೋ ರೋಸುವಾಸ್ಟಾಟಿನ್ ಎಂದೋ ಬರೆದಿರುತ್ತದಲ್ಲ, ಅದೇ. ಇದರ ಸುತ್ತ ನಮ್ಮಲ್ಲಿ ಎರಡು ಭಯಗಳಿವೆ. ತೆಗೆದುಕೊಂಡರೆ ಕಾಲು ನೋವು, ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಬಂದೀತು ಎನ್ನುವುದು ಒಂದು. ಬಿಟ್ಟರೆ ಹಾರ್ಟ್ ಅಟ್ಯಾಕ್ ಆದೀತು ಎನ್ನುವುದು ಇನ್ನೊಂದು.

ಎರಡನೆಯ ಭಯ ನಮಗೆ ಊರಿನ ಸುದ್ದಿಯ ಜೊತೆಗೇ ಬರುತ್ತದೆ. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಪರೀಕ್ಷೆಗೆ ಸಾಲುಗಟ್ಟಿದರು. ಆಗ ಇಲ್ಲಿ ನಾಗಪುರದಲ್ಲಿ ಕುಳಿತ ನಾವೂ ಊರಿಗೆ ಫೋನ್ ಮಾಡಿ "ಅಪ್ಪಾ, ಒಂದ್ಸಲ ಚೆಕ್ ಮಾಡಿಸಿಕೊಳ್ಳಿ" ಎಂದದ್ದುಂಟು. ಆದರೆ ಅದೇ ಫೋನಿನಲ್ಲಿ ಮರುದಿನ "ಕೊಲೆಸ್ಟ್ರಾಲ್ ಮಾತ್ರೆ ವಿಷ, ಇಂದೇ ನಿಲ್ಲಿಸಿ" ಎಂಬ ಸಂದೇಶವೂ ಬರುತ್ತದೆ. ಯಾವುದನ್ನು ನಂಬುವುದು? ಬನ್ನಿ, ಲೆಕ್ಕ ಹಾಕಿ ನೋಡೋಣ.

ಮಾತ್ರೆ ಮಾಡುವ ಕೆಲಸ

ನಮ್ಮ ರಕ್ತದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ತಯಾರಾಗುವುದು ದೇಹದೊಳಗೇ. ಅದರಲ್ಲಿ ಲಿವರ್‌ನ ಪಾತ್ರ ದೊಡ್ಡದು. ಸ್ಟಾಟಿನ್ ಎಂಬ ಗುಂಪಿನ ಈ ಮಾತ್ರೆಗಳು ಲಿವರ್‌ನಲ್ಲಿ ಆ ತಯಾರಿಯನ್ನು ಕಡಿಮೆ ಮಾಡುತ್ತವೆ. ಆಗ ಲಿವರ್ ತನಗೆ ಬೇಕಾದದ್ದನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ, ರಕ್ತದಲ್ಲಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುತ್ತದೆ. ರಕ್ತನಾಳದ ಗೋಡೆಗೆ ಮೆತ್ತಿಕೊಂಡ ಜಿಡ್ಡು ಒಡೆದು ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಈ ಗುಂಪಿನ ಮೊದಲ ವಸ್ತುವನ್ನು ಕಂಡುಹಿಡಿದದ್ದು ಒಂದು ಬೂಷ್ಟಿನಲ್ಲಿ! 1987ರಲ್ಲಿ ಅಮೆರಿಕದಲ್ಲಿ ಮೊದಲ ಸ್ಟಾಟಿನ್ ಮಾತ್ರೆಗೆ ಅನುಮತಿ ಸಿಕ್ಕಿತು. 1994ರಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾದದ್ದು ಕಂಡುಬಂತು.

ತಕ್ಕಡಿಯ ಎರಡು ತಟ್ಟೆ

ಈಗಾಗಲೇ ಹಾರ್ಟ್ ಅಟ್ಯಾಕ್ ಆದ, ಸ್ಟೆಂಟ್ ಹಾಕಿಸಿಕೊಂಡ, ಇಲ್ಲವೇ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದ 10,000 ಜನ ಇದ್ದಾರೆ ಎಂದುಕೊಳ್ಳಿ. ಅವರು ಪರಿಣಾಮಕಾರಿ ಪ್ರಮಾಣದಲ್ಲಿ ಐದು ವರ್ಷ ಮಾತ್ರೆ ತೆಗೆದುಕೊಂಡರೆ ಸುಮಾರು 1,000 ಜನರಿಗೆ ಮತ್ತೊಂದು ಆಘಾತ ತಪ್ಪುತ್ತದೆ. ಇನ್ನೂ ಏನೂ ಆಗಿಲ್ಲ, ಆದರೆ ಆಗುವ ಅಪಾಯ ಹೆಚ್ಚಿದೆ ಎನ್ನುವ 10,000 ಜನರಲ್ಲಿ ಸುಮಾರು 500 ಜನರಿಗೆ ತಪ್ಪುತ್ತದೆ. ಇದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಪರಾಮರ್ಶೆಯ ಲೆಕ್ಕ.

ಇನ್ನೊಂದು ತಟ್ಟೆಯಲ್ಲಿ ಏನಿದೆ? ಅದೇ 10,000 ಜನರಲ್ಲಿ ಐದು ವರ್ಷದಲ್ಲಿ ಸುಮಾರು 5 ಜನರಿಗೆ ಸ್ನಾಯುಗಳಿಗೆ ನಿಜವಾದ ಹಾನಿ, 50ರಿಂದ 100 ಜನರಿಗೆ ಹೊಸದಾಗಿ ಸಕ್ಕರೆ ಕಾಯಿಲೆ, 5ರಿಂದ 10 ಜನರಿಗೆ ಮಿದುಳಿನ ರಕ್ತಸ್ರಾವ. ಈ ಅಪಾಯಗಳನ್ನು ಇಲ್ಲವೆಂದು ತಳ್ಳಿಹಾಕುವಂತಿಲ್ಲ. ಸೆರಿವಾಸ್ಟಾಟಿನ್ ಎಂಬ ಒಂದು ಸ್ಟಾಟಿನ್ ಸ್ನಾಯುಗಳನ್ನು ಕರಗಿಸಿ ಕೆಲವರ ಪ್ರಾಣ ತೆಗೆದದ್ದರಿಂದ 2001ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಇಂದು ಬಳಕೆಯಲ್ಲಿರುವ ಸ್ಟಾಟಿನ್‌ಗಳಲ್ಲಿ ಅಂಥದ್ದು ಬಹಳ ಅಪರೂಪ. ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಬರುವುದು ಮೊದಲೇ ಗಡಿಯ ಹತ್ತಿರ ಇದ್ದವರಿಗೆ. ಲಿವರ್‌ಗೆ ಗಂಭೀರ ಹಾನಿ ತೀರಾ ವಿರಳ.

ಹಾಗಾದರೆ ಕಾಲು ನೋವು?

"ನಮ್ಮ ಮನೆಯಲ್ಲೇ ನೋವು ಬಂದಿದೆಯಲ್ಲ!" ಎನ್ನುತ್ತೀರಿ. ನೋವು ಸುಳ್ಳಲ್ಲ. ಅದು ಮಾತ್ರೆಯಿಂದಲೇ ಬಂತೇ ಎಂಬುದು ಪ್ರಶ್ನೆ. 2020ರಲ್ಲಿ ಪ್ರಕಟವಾದ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಧ್ಯಯನವೊಂದು ಇದನ್ನು ಸೊಗಸಾಗಿ ಪರೀಕ್ಷಿಸಿತು. ಅಡ್ಡಪರಿಣಾಮದಿಂದ ಮಾತ್ರೆ ಬಿಟ್ಟಿದ್ದ 60 ಜನರಿಗೆ ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ, ಹೀಗೆ ಬೆರೆಸಿ ಕೊಟ್ಟರು. ಯಾವ ತಿಂಗಳು ನಿಜ, ಯಾವುದು ಹುಸಿ ಎಂದು ಅವರಿಗೆ ತಿಳಿಸಲಿಲ್ಲ. ನಿಜವಾದ ಮಾತ್ರೆಯಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಕಂಡಿತು! ಇದನ್ನು ಅವರಿಗೆ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದರು.

ಕಾಲು ನೋವಿಗೆ ಬೇರೆ ಕಾರಣಗಳೂ ಸಾಕಷ್ಟಿವೆ. ಮಂಡಿ ಸವೆತ ಇರಬಹುದು. ನಮ್ಮ ನಾಗಪುರದ ಮೇ ತಿಂಗಳ ಬಿಸಿಲಲ್ಲಿ ಬೆವರು ಸುರಿದು ಮೀನಖಂಡ ಹಿಡಿದುಕೊಂಡಿರಬಹುದು. ಥೈರಾಯ್ಡ್ ಕಡಿಮೆಯಾದರೂ ಸ್ನಾಯು ನೋಯುತ್ತದೆ, ಕೊಲೆಸ್ಟ್ರಾಲ್ ಕೂಡ ಏರುತ್ತದೆ.

ಮಾತ್ರೆಯಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಕಾಣುತ್ತದೆ. ತೀವ್ರ ನೋವು, ಏಳಲಾಗದ ನಿಶ್ಶಕ್ತಿ, ಚಹಾ ಬಣ್ಣದ ಮೂತ್ರ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಅವತ್ತೇ ವೈದ್ಯರ ಬಳಿ ಹೋಗಿ.

ಡಾಕ್ಟರಿಗೆ ಹೇಳುವುದು ಹೇಗೆ?

ಹೊರನಾಡ ಕನ್ನಡಿಗರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಊರಿಂದ ಬಂದ ಅಮ್ಮ ಸೆಳೆತ, ಜೋಮು, ಉರಿ, ಹಿಡಿತ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಧಂತೋಲಿಯ ಡಾಕ್ಟರ ಮುಂದೆ ನಾವು ಅದನ್ನೆಲ್ಲ ಸೇರಿಸಿ "ಪೈರ್ ಮೇ ದರ್ದ್ ಹೈ" ಎಂದು ಮುಗಿಸಿಬಿಡುತ್ತೇವೆ. ಜೋಮು ನರದ ತೊಂದರೆ ಇರಬಹುದು, ಹಿಡಿತ ಸ್ನಾಯುವಿನದು. ಆದ್ದರಿಂದ ಎಲ್ಲಿ, ಎಂದಿನಿಂದ, ಎರಡೂ ಕಾಲಿಗೋ ಒಂದಕ್ಕೋ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ. ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಕೆಲವು ಸ್ಟಾಟಿನ್‌ಗಳ ಜೊತೆ ಸೇರಿದರೆ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವವರು ಅದನ್ನೂ ಮೊದಲೇ ಹೇಳಬೇಕು.

ನೋವು ಮಾತ್ರೆಯದೇ ಎಂದಾದರೂ ದಾರಿಗಳಿವೆ. ವೈದ್ಯರು ಸಿಪಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿ, ಕೆಲವು ವಾರ ನಿಲ್ಲಿಸಿ ನೋಡಬಹುದು, ಪ್ರಮಾಣ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಎಜೆಟಿಮೈಬ್ ಸೇರಿಸಬಹುದು. ಸ್ಟಾಟಿನ್ ಒಗ್ಗದವರಲ್ಲಿ ಬೆಂಪಿಡೋಯಿಕ್ ಆಸಿಡ್ ಎಂಬ ಮಾತ್ರೆ ಹೃದಯದ ಅಪಾಯವನ್ನು ಶೇ. 13ರಷ್ಟು ತಗ್ಗಿಸಿತೆಂದು 2023ರ ಅಧ್ಯಯನ ತೋರಿಸಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಅಗತ್ಯ ಇಲ್ಲ.

ಅಂದ ಹಾಗೆ, ಸಂತ್ರ ತಿನ್ನಬಹುದೇ?

ತಿನ್ನಬಹುದು! ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಜೊತೆ ಬೇಡವೆನ್ನುವುದು ಗ್ರೇಪ್‌ಫ್ರೂಟ್ ಹಣ್ಣನ್ನು. ಅದು ಮಾತ್ರೆಯನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಿಬಿಡುತ್ತದೆ. ನಮ್ಮ ನಾಗಪುರದ ಸಂತ್ರದಿಂದ ಆ ತೊಂದರೆ ಇಲ್ಲ. ಆದರೆ ಗ್ರೇಪ್‌ಫ್ರೂಟಿನ ಹತ್ತಿರದ ಬಂಧು ನಮ್ಮ ದೇವನಹಳ್ಳಿಯ ಚಕ್ಕೋತ! ಅದರಲ್ಲೂ ಆ ಗುಣ ಇರಬಹುದು, ವೈದ್ಯರನ್ನು ಕೇಳಿ ತಿನ್ನಿ.

ನಿಮ್ಮ ಲೆಕ್ಕ ಯಾವುದು?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಒಮ್ಮೆ ಹೃದಯಾಘಾತ ಆದವರಿಗೆ, ಸ್ಟೆಂಟ್ ಇರುವವರಿಗೆ ತಕ್ಕಡಿ ಸ್ಪಷ್ಟವಾಗಿ ಮಾತ್ರೆಯ ಕಡೆ ವಾಲುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಧೂಮಪಾನ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗ ಇದ್ದವರಿಗೂ ಹೆಚ್ಚಾಗಿ ಹಾಗೆಯೇ. ಎಲ್‌ಡಿಎಲ್ 190 ದಾಟಿದ್ದರೆ ವಯಸ್ಸು ಎಷ್ಟೇ ಇರಲಿ, ವೈದ್ಯರನ್ನು ಕಾಣಲೇಬೇಕು. ಇದಾವುದೂ ಇಲ್ಲದ, ಮೂವತ್ತೈದರ ಆಸುಪಾಸಿನ, ಎಲ್‌ಡಿಎಲ್ ಸ್ವಲ್ಪವೇ ಹೆಚ್ಚಿರುವವರು "ಮೂರು ತಿಂಗಳು ಊಟ, ನಡಿಗೆ ಸರಿಮಾಡಿ ನೋಡಲೇ?" ಎಂದು ವೈದ್ಯರನ್ನು ಕೇಳುವುದು ನ್ಯಾಯವೇ. ಆಗ ತರ್ರಿ ಪೋಹಾದ ಮೇಲಿನ ಎಣ್ಣೆ, ಭಾನುವಾರದ ಸಾವಜಿ ಊಟ ಎರಡಕ್ಕೂ ಕಡಿವಾಣ ಬೇಕು. ಬೆಳಿಗ್ಗೆ ಫುಟಾಳಾ ಕೆರೆಯ ದಂಡೆಯ ನಡಿಗೆಯೂ ಬೇಕು!

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎಲ್‌ಡಿಎಲ್ ಸಾಮಾನ್ಯರಿಗೆ 100ಕ್ಕಿಂತ, ಹೆಚ್ಚು ಅಪಾಯ ಇರುವವರಿಗೆ 70ಕ್ಕಿಂತ, ಅತಿ ಹೆಚ್ಚು ಅಪಾಯ ಇರುವವರಿಗೆ 55ಕ್ಕಿಂತ ಕಡಿಮೆ ಇರಬೇಕು. ನಿಮ್ಮ ರಿಪೋರ್ಟ್ ಕೈಗೆತ್ತಿಕೊಂಡು ನೀವು ಯಾವ ಗುಂಪಿನವರು ಎಂದು ವೈದ್ಯರನ್ನು ಕೇಳಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ, ಸರಾಸರಿ 53ರ ಸುಮಾರಿಗೆ ಬರುತ್ತದೆಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಹೇಳಿದೆ. ಹಾಗಾಗಿ ಈ ಪ್ರಶ್ನೆಯನ್ನು ಮುಂದೂಡಬೇಡಿ.

ರಿಪೋರ್ಟಿನಲ್ಲಿ ಎಲ್‌ಡಿಎಲ್ ಇಳಿದರೆ "ಗುಣವಾಯಿತು" ಎಂದು ಮಾತ್ರೆ ಬಿಡುವವರು ಬಹಳ. ಇಳಿದದ್ದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಶುರುಮಾಡುವಾಗ ಡಾಕ್ಟರನ್ನು ಕೇಳಿದ ಹಾಗೆಯೇ ನಿಲ್ಲಿಸುವಾಗಲೂ ಕೇಳಿ, ಇಷ್ಟೇ ನಮ್ಮ ವಿನಂತಿ.