ಹುಟ್ಟಿದ ಊರಿಗೂ ವೀಸಾ ಬೇಕೇ?

ಉಡುಪಿ ಕಡೆಯ ದಂಪತಿಗೆ ದುಬೈಯ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತೆನ್ನಿ. ಮಗು ಅಲ್ಲೇ ಅಂಬೆಗಾಲಿಕ್ಕುತ್ತದೆ, ಅಲ್ಲೇ ಶಾಲೆಗೆ ಹೋಗುತ್ತದೆ, ಅದರ ಗೆಳೆಯರೆಲ್ಲ ಅಲ್ಲಿಯವರೇ. ಹಾಗಾದರೆ ಆ ಮಗು ಯಾವ ದೇಶದ ಪ್ರಜೆ?

ಭಾರತದ ಪ್ರಜೆ! ಕೊಲ್ಲಿ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯುವುದಿಲ್ಲ. ತಂದೆ ತಾಯಿಯ ರಾಷ್ಟ್ರೀಯತೆಯೇ ಮಗುವಿನದು. ಆದರೆ ಇದು ತಾನಾಗಿ ಆಗುವ ಕೆಲಸವಲ್ಲ. 2004ರ ಡಿಸೆಂಬರ್ 3ರಿಂದ ಜಾರಿಯಲ್ಲಿರುವ ನಿಯಮದಂತೆ, ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಇನ್ನೊಂದು ಗಡುವು ಇದಕ್ಕಿಂತ ಬಿಗಿಯಾದದ್ದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ವೀಸಾ ಮಾಡಿಸಬೇಕು. ಅದಕ್ಕೆ ಮೊದಲು ಪಾಸ್‌ಪೋರ್ಟ್, ಪಾಸ್‌ಪೋರ್ಟಿಗೆ ಮೊದಲು ಜನನ ಪ್ರಮಾಣಪತ್ರ. ಒಂದು ತಡವಾದರೆ ಉಳಿದವೂ ತಡ. ಗಡುವು ಮೀರಿದರೆ ದಿನಲೆಕ್ಕದಲ್ಲಿ ದಂಡ ಬೀಳುತ್ತದೆ. ಅದು ಇತ್ಯರ್ಥವಾಗದೆ ಮಗು ದೇಶ ಬಿಡುವಂತಿಲ್ಲ. ಮೊಮ್ಮಗನ ಮುಖ ನೋಡಲು ಊರಿನಲ್ಲಿ ಅಜ್ಜಿ ಕಾದು ಕುಳಿತಿದ್ದರೂ ಅಷ್ಟೇ!

ಹೆರಿಗೆಗೆಂದು ತಾಯಿ ತವರಿಗೆ ಬಂದರೆ ಕ್ರಮ ತಿರುವುಮುರುವು. ಮಗು ಇಲ್ಲಿ ಹುಟ್ಟಿದ ಭಾರತೀಯ ಪ್ರಜೆ. ತಾಯಿಯ ಬಳಿ ವೀಸಾ ಇದ್ದರೂ, ಮಗುವಿಗೆ ಬೇರೆಯೇ ಪ್ರವೇಶ ಪರವಾನಗಿ ತರಿಸಿದ ನಂತರವೇ ದುಬೈ ವಿಮಾನ ಹತ್ತಬೇಕು.

ನಿಜವಾದ ತೊಡಕು ಎದುರಾಗುವುದು ಮಗ ಬೆಳೆದು ಮಂಗಳೂರಿಗೋ ಮಣಿಪಾಲಕ್ಕೋ ಓದಲು ಬಂದಾಗ. ವಾಸದ ವೀಸಾ ಉಳ್ಳವರು ಸತತ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಆ ವೀಸಾ ರದ್ದಾಗುತ್ತದೆ. ತಕ್ಕ ಕಾರಣ ತೋರಿಸಿ ಮರುಪ್ರವೇಶಕ್ಕೆ ಅರ್ಜಿ ಹಾಕಬಹುದು, ನಿಜ. ಆದರೆ ರಜೆಯಲ್ಲಿ ಹೆತ್ತವರ ಬಳಿಗೆ ಹೊರಟ ಹುಡುಗನಿಗೆ ಇದು ವಿಮಾನ ನಿಲ್ದಾಣದಲ್ಲಿ ತಿಳಿದರೆ ಏನು ಪ್ರಯೋಜನ? ಗಂಡುಮಕ್ಕಳು ತಂದೆಯ ಆಶ್ರಯದ ವೀಸಾದಲ್ಲಿರಲು 25 ವರ್ಷದ ಮಿತಿಯೂ ಇದೆ. ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೆ ಅವಕಾಶ. ತಂದೆಯ ಕೆಲಸ ಹೋದರೆ ಅವರ ವೀಸಾದೊಂದಿಗೆ ಮಕ್ಕಳದೂ ಹೋಗುತ್ತದೆ.

ಅಮೆರಿಕದ ಪಾಸ್‌ಪೋರ್ಟ್ ಪಡೆದ ನಮ್ಮವರ ಮಕ್ಕಳ ಕಥೆ ಇದಕ್ಕೆ ತದ್ವಿರುದ್ಧ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಆದ್ದರಿಂದ ಅಜ್ಜನ ಮನೆಗೆ ಬರಲು ಅವರಿಗೆ ವೀಸಾ ಬೇಕು, ಇಲ್ಲವೇ 2005ರಲ್ಲಿ ಆರಂಭವಾದ ಓಸಿಐ ಕಾರ್ಡ್ ಬೇಕು. ಈ ಕಾರ್ಡ್ ಇದ್ದರೆ ಜೀವನಪೂರ್ತಿ ಬಂದು ಹೋಗಬಹುದು, ಆದರೆ ಮತದಾನದ ಹಕ್ಕಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯಂತೆ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕೋರ್ಸುಗಳಲ್ಲಿ ಭಾರತೀಯ ಪ್ರಜೆಗಳಿಗೇ ಮೀಸಲಾದ ಸೀಟುಗಳು ಅವರಿಗೆ ದೊರೆಯುವುದಿಲ್ಲ. ಆ ದಿನಕ್ಕೆ ಮೊದಲೇ ಕಾರ್ಡ್ ಪಡೆದಿದ್ದವರಿಗೆ ಇದು ಅನ್ವಯಿಸದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕೊಲ್ಲಿಯಲ್ಲಿರುವ ಹೆತ್ತವರು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನಗಳು ಇಷ್ಟು: ವೀಸಾಕ್ಕೆ 120 ದಿನ, ನೋಂದಣಿಗೆ ಒಂದು ವರ್ಷ, ಹೊರಗಿರಲು ಆರು ತಿಂಗಳು, ಮಕ್ಕಳ ಪಾಸ್‌ಪೋರ್ಟಿಗೆ ಹೆಚ್ಚೆಂದರೆ ಐದು ವರ್ಷ. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ದೂತಾವಾಸದಲ್ಲಿಯೂ ಅಲ್ಲಿನ ವಲಸೆ ಇಲಾಖೆಯಲ್ಲಿಯೂ ವಿಚಾರಿಸುವುದು ಜಾಣತನ. ಕಾಲೇಜಿಗೆ ಬಂದ ಮಕ್ಕಳೂ ಅಷ್ಟೇ, ಪರೀಕ್ಷೆಯ ದಿನಾಂಕದಂತೆ ವೀಸಾದ ದಿನಾಂಕವನ್ನೂ ತಾವೇ ನೆನಪಿಟ್ಟುಕೊಳ್ಳಬೇಕು. ಹುಟ್ಟಿ ಬೆಳೆದ ಊರಿನ ಬಾಗಿಲು ತೆರೆಯುವುದು ಆ ಲೆಕ್ಕದ ಮೇಲೆಯೇ.