ಕೋರ್ ಹೆಚ್ಚಾದ್ರೂ ಸರ್ವರ್ ಯಾಕೆ ನಿಧಾನ?

ಮಾಂದಲ್‌ಪಟ್ಟಿಗೆ ಜೀಪಲ್ಲಿ ಹೋಗಿದ್ದೀರಲ್ಲ? ಕಿರಿದಾದ ಕಡೆ ಎದುರಿಂದ ಇನ್ನೊಂದು ಜೀಪ್ ಬಂದರೆ ಒಬ್ಬರು ರಿವರ್ಸ್ ತಗೊಳ್ಳಲೇಬೇಕು. ರಜೆ ದಿನ ಮಡಿಕೇರಿಯಿಂದ ಇನ್ನೂ ಹತ್ತು ಜೀಪ್ ಬಿಟ್ಟರೆ ಮೇಲೆ ತಲುಪೋರು ಹೆಚ್ಚಾಗಲ್ಲ, ಕಾಯೋರು ಹೆಚ್ಚಾಗ್ತಾರೆ. ಕರ್ನೆಲ್‌ನಲ್ಲಿ ಲಾಕ್ ಕಂಟೆನ್ಷನ್ ಅಂದ್ರೆ ಇದೇ.

ನಮ್ಮ ಪ್ರಾಜೆಕ್ಟ್ ಸರ್ವರನ್ನು 4 ಕೋರ್‌ನಿಂದ 16 ಕೋರ್ ಮಷೀನಿಗೆ ಹಾಕಿದಾಗ ಹೀಗೇ ಆಯ್ತು. ಎಲ್ಲ ಕೋರ್‌ಗಳೂ ಫುಲ್ ಬಿಜಿ, ಉತ್ತರ ಮಾತ್ರ ಮೊದಲಿಗಿಂತ ತಡ. ಡೆಮೊಗೆ ಎರಡೇ ದಿನ. ಗಾಬರಿಯಲ್ಲಿ ಸಿಕ್ಕ ಸಿಕ್ಕ ಸಿಸ್‌ಸಿಟಿಎಲ್ ಸಾಲುಗಳನ್ನೆಲ್ಲ ಕಾಪಿ ಹೊಡೆದೆವು. ಸೋಮ್ಯಾಕ್ಸ್‌ಕಾನ್ ಕೂಡ ಏರಿಸಿದ್ವಿ. ಏನೂ ಬದಲಾಗಲಿಲ್ಲ. ಆಗುವಂತೆಯೂ ಇರಲಿಲ್ಲ: ಅದು ಒಳಗೆ ಬರಲು ಕಾಯುವ ಕನೆಕ್ಷನ್‌ಗಳ ಸಾಲಿನ ಮಿತಿ ಅಷ್ಟೆ (ಲಿನಕ್ಸ್ 5.4ರಿಂದ ಡೀಫಾಲ್ಟೇ 4096). ಪಾರ್ಕಿಂಗ್ ದೊಡ್ಡದಾಯ್ತು, ರಸ್ತೆ ಅಷ್ಟೇ ಉಳೀತು.

ಮೊದಲೇ ಮಾಡಬೇಕಿದ್ದ ಕೆಲಸ ಪರ್ಫ್ ಟಾಪ್ ಓಡಿಸೋದು. ಓಡಿಸಿದಾಗ ಮೇಲೆ ಕಂಡದ್ದು ಸ್ಪಿನ್‌ಲಾಕ್‌ನ ಸ್ಲೋಪಾತ್ ಫಂಕ್ಷನ್. ಸ್ಪಿನ್‌ಲಾಕಿಗೆ ಕಾಯುವ ಕೋರ್ ಮಲಗೋದಿಲ್ಲ, 'ಬಿಟ್ರಾ, ಬಿಟ್ರಾ' ಅಂತ ಲೂಪ್‌ನಲ್ಲಿ ಕೇಳ್ತಾನೇ ಇರುತ್ತೆ. ಅದಕ್ಕೇ ಸಿಪಿಯು 100% ತೋರಿಸಿದ್ರೂ ಕೆಲಸ ಸಾಗಲ್ಲ. ಹಳೇ ಲಾಕ್‌ಗಳಲ್ಲಿ ಎಲ್ಲರೂ ಒಂದೇ ಕ್ಯಾಶ್ ಲೈನನ್ನು ಎಳೆದಾಡ್ತಿದ್ರು, 2015ರ 4.2 ಆವೃತ್ತಿಯಲ್ಲಿ ಬಂದ ಕ್ಯೂ ಸ್ಪಿನ್‌ಲಾಕ್‌ನಲ್ಲಿ ಹೆಚ್ಚಿನವರು ತಮ್ಮ ತಮ್ಮ ಜಾಗದಲ್ಲೇ ನೋಡ್ತಾ ಕಾಯ್ತಾರೆ. ಎಳೆದಾಟ ಕಮ್ಮಿ ಆಯ್ತು, ಸಾಲು ಕರಗಲಿಲ್ಲ.

ಲಾಕ್ ಒಡೆದು ಹಂಚಿದರೆ ಮಾತ್ರ ಸಾಲು ಕರಗೋದು. 1996ರ ಲಿನಕ್ಸ್ 2.0ದಲ್ಲಿ ಬಹು ಪ್ರೊಸೆಸರ್ ಬೆಂಬಲ ಬಂದಾಗ ಕರ್ನೆಲ್‌ಗೆಲ್ಲ ಒಂದೇ ಬೀಗ, ಬಿಗ್ ಕರ್ನೆಲ್ ಲಾಕ್. ಅದನ್ನು ಚೂರು ಚೂರಾಗಿ ಬಿಡಿಸಿ ಪೂರ್ತಿ ತೆಗೆದದ್ದು 2011ರಲ್ಲಿ, 2.6.39ರಲ್ಲಿ. ಹದಿನೈದು ವರ್ಷ!

ನಮ್ಮ 16 ಥ್ರೆಡ್‌ಗಳೂ ಒಂದೇ ಲಿಸನಿಂಗ್ ಸಾಕೆಟ್ ಮೇಲೆ ಆಕ್ಸೆಪ್ಟ್ ಕರೀತಿದ್ವು. ಪ್ರತಿ ರಿಕ್ವೆಸ್ಟಿಗೂ ಹೊಸ ಕನೆಕ್ಷನ್ ಬೇರೆ. 2013ರ 3.9ರಿಂದ ಇರುವ ರೀಯೂಸ್‌ಪೋರ್ಟ್ ಆಯ್ಕೆ ಹಾಕಿ ಪ್ರತಿ ಥ್ರೆಡ್‌ಗೂ ಅದೇ ಪೋರ್ಟಿನಲ್ಲಿ ಸ್ವಂತ ಸಾಕೆಟ್ ಕೊಟ್ಟೆವು; ಬಂದ ಕನೆಕ್ಷನ್‌ಗಳನ್ನು ಕರ್ನೆಲ್ಲೇ ಹಂಚುತ್ತೆ. ಒಂದು ಥ್ರೆಡ್ ಎಲ್ಲಾದ್ರೂ ಸಿಕ್ಕಿಬಿದ್ರೆ ಅದರ ಪಾಲಿಗೆ ಬಂದವರು ಅಲ್ಲೇ ಕಾಯಬೇಕು, ಅದು ನೆನಪಿರಲಿ.

ಪರ್ಫ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಕಳಿಸುವ ಕ್ಯೂ ಲಾಕ್ ಮೇಲೆ ಬಂದಿದ್ರೆ ಮದ್ದು ಬೇರೆ: ಎಕ್ಸ್‌ಪಿಎಸ್ ಸೆಟ್ಟಿಂಗಿನಲ್ಲಿ ಯಾವ ಕೋರ್ ಯಾವ ಕ್ಯೂ ಬಳಸಬೇಕು ಅಂತ ಹೇಳಬಹುದು. ಒಂದೇ ಕ್ಯೂ ಇರೋ ಕಾರ್ಡಿಗೆ ಇದರಿಂದ ಉಪಯೋಗವಿಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅಳೆದು ನೋಡಿ. ನಮ್ಮ ಹಾಗೆ ಹತ್ತು ಒಟ್ಟಿಗೆ ಬೇಡ.

ಸಾಕೆಟ್ ಬೇರೆ ಮಾಡಿದ ಮೇಲೆ ವೇಗ ಏರಿತು. ಆಮೇಲೆ ಪರ್ಫ್‌ನಲ್ಲಿ ಎದ್ದು ಕಂಡದ್ದು ನಮ್ಮದೇ ಕೋಡಿನ ಮ್ಯೂಟೆಕ್ಸ್. ಹದಿನಾರೂ ಥ್ರೆಡ್‌ಗಳು ಒಂದೇ ಲಾಗ್ ಫೈಲಿಗೆ ಬರೀತಿದ್ವು.