ಐಸಿಯು ಸರ್ವೆಗೆ ಕರೆ ಬಂದಾಗ ಹದಿನೈದು ನಿಮಿಷ ಕೊಡಬೇಕಾ?

ಇವತ್ತಿನ ಸಂಚಿಕೆ ಹುಟ್ಟಿದ್ದು ಕೇಳುಗರೊಬ್ಬರ ಪತ್ರದಿಂದ. ಅವರು ಗಲ್ಫ್‌ನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. "ಪದೇ ಪದೇ ಸಂಶೋಧನಾ ಸರ್ವೆಗಳಿಗೆ ಆಹ್ವಾನ ಬರುತ್ತೆ. ಹದಿನೈದು ನಿಮಿಷ ಸಾಕು ಅಂತಾರೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿದ ಮೇಲೆ ನನಗೆ ಆ ಹದಿನೈದು ನಿಮಿಷ ಅಂದರೆ ನಿದ್ದೆ. ಇದರಿಂದ ಯಾರಿಗೆ ಏನು ಉಪಯೋಗ?" ಅಂತ ಕೇಳಿದ್ದಾರೆ.

ನಾವು ಲ್ಯಾಬಿನಲ್ಲಿ ಕೆಲಸ ಮಾಡುವ ಜೀವಶಾಸ್ತ್ರದವರು. ನಮ್ಮ ಜೀವಕೋಶಗಳನ್ನು "ನೀವು ಸಾಮಾನ್ಯವಾಗಿ ಏನು ಮಾಡ್ತೀರಿ?" ಅಂತ ಕೇಳುವ ಅವಕಾಶ ನಮಗಿಲ್ಲ, ಅಳೆದೇ ನೋಡಬೇಕು. ಹಾಗಾಗಿ ಪ್ರಶ್ನಾವಳಿ ಅಂದರೆ ನಮಗೂ ಮೊದಲು ಸ್ವಲ್ಪ ಅನುಮಾನವೇ ಇತ್ತು. ಆ ಅನುಮಾನದಲ್ಲಿ ಅರ್ಧ ಮಾತ್ರ ಸರಿ. ಯಾಕೆ ಅಂತ ಹೇಳೋಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಎಆರ್‌ಡಿಎಸ್ ಅನ್ನುವ ಸ್ಥಿತಿ ಇದೆ. ಸೋಂಕಿನಿಂದಲೋ ಪೆಟ್ಟಿನಿಂದಲೋ ಶ್ವಾಸಕೋಶ ಉರಿಯೂತಕ್ಕೆ ಸಿಕ್ಕಿ, ಗಾಳಿಚೀಲಗಳಲ್ಲಿ ದ್ರವ ತುಂಬಿಕೊಳ್ಳುತ್ತದೆ. ಗಾಳಿಯಾಡಲು ಉಳಿಯುವ ಆರೋಗ್ಯವಂತ ಭಾಗ ಚಿಕ್ಕದು. ವೆಂಟಿಲೇಟರ್ ಒಂದೊಂದು ಉಸಿರಿಗೂ ಜಾಸ್ತಿ ಗಾಳಿ ತಳ್ಳಿದರೆ, ಆ ಚಿಕ್ಕ ಭಾಗ ಅತಿಯಾಗಿ ಹಿಗ್ಗಿ ಹಾಳಾಗುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ 861 ರೋಗಿಗಳಿದ್ದರು. ದೇಹತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟ ಗುಂಪಿನಲ್ಲಿ ಸುಮಾರು 40% ಜನ ತೀರಿಕೊಂಡರು, 6 ಮಿಲಿಲೀಟರ್ ಕೊಟ್ಟ ಗುಂಪಿನಲ್ಲಿ 31%. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಇದ್ದ ಯಂತ್ರದಲ್ಲಿ ಒಂದು ಸಂಖ್ಯೆ ಬದಲಾಯಿಸಿದ್ದು, ಅಷ್ಟೇ.

ಇಷ್ಟು ಸುಲಭ ಅಂದಮೇಲೆ ಎಲ್ಲರೂ ಹಾಗೇ ಮಾಡ್ತಿರಬೇಕಲ್ವಾ? ಜರ್ಮನಿಯ ಸೆಪ್ಸಿಸ್ ಸಂಶೋಧನಾ ಜಾಲ ಸೆಪ್‌ನೆಟ್ ಇದನ್ನು ಎರಡು ರೀತಿಯಲ್ಲಿ ಪರೀಕ್ಷಿಸಿತು. ಒಂದು ಕಡೆ ಐಸಿಯು ಮುಖ್ಯಸ್ಥರಿಗೆ ಸರ್ವೆ. ಇನ್ನೊಂದು ಕಡೆ, ತರಬೇತಿ ಪಡೆದ ವೈದ್ಯರು ಐಸಿಯುಗಳಿಗೇ ಹೋಗಿ ರೋಗಿಗಳ ದಾಖಲೆ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸುಮಾರು 80% ಮುಖ್ಯಸ್ಥರು "ಹೌದು, ನಾವು ಕಡಿಮೆ ಗಾಳಿಯ ವಿಧಾನವನ್ನೇ ಪಾಲಿಸ್ತೀವಿ" ಅಂದಿದ್ದರು. ಆ ವಿಧಾನ ಬೇಕಿದ್ದ ರೋಗಿಗಳಲ್ಲಿ ಅದು ನಿಜಕ್ಕೂ ಸಿಕ್ಕಿದ್ದು 3%ಗಿಂತ ಕಡಿಮೆ ಜನರಿಗೆ.

ಇವರೆಲ್ಲ ಸುಳ್ಳು ಹೇಳಿದರು ಅಂತ ನಮಗೆ ಅನಿಸೋದಿಲ್ಲ. ಆ "ಪ್ರತಿ ಕಿಲೋ" ಅನ್ನುವುದನ್ನೇ ನೋಡಿ. ಅದು ತಕ್ಕಡಿಯ ತೂಕ ಅಲ್ಲ, ಎತ್ತರದಿಂದ ಲೆಕ್ಕ ಹಾಕುವ ತೂಕ. ಮನುಷ್ಯ ದಪ್ಪ ಆದರೂ ಶ್ವಾಸಕೋಶ ದೊಡ್ಡದಾಗೋದಿಲ್ಲ ತಾನೆ? 155 ಸೆಂಟಿಮೀಟರ್ ಎತ್ತರದ, 75 ಕಿಲೋ ತೂಗುವ ಹೆಂಗಸು ಇದ್ದಾರೆ ಅಂದುಕೊಳ್ಳಿ. ಎತ್ತರದ ಸೂತ್ರದ ಪ್ರಕಾರ ಅವರ ತೂಕ ಸುಮಾರು 48 ಕಿಲೋ, ಕೊಡಬೇಕಾದ ಗಾಳಿ ಸುಮಾರು 290 ಮಿಲಿಲೀಟರ್. ತಕ್ಕಡಿ ನೋಡಿ ಲೆಕ್ಕ ಹಾಕಿದವರು 450 ಕೊಡ್ತಾರೆ. ಅಂದರೆ ಪ್ರತಿ ಕಿಲೋಗೆ ಒಂಬತ್ತು ಮಿಲಿಲೀಟರ್ ದಾಟುತ್ತದೆ, ಆದರೆ ಅವರ ಮನಸ್ಸಿನಲ್ಲಿ ಅದು ಆರೇ! ಸರ್ವೆಯಲ್ಲಿ ಪ್ರಾಮಾಣಿಕವಾಗಿ "ಆರು" ಅಂತ ಟಿಕ್ ಹಾಕ್ತಾರೆ.

ಇನ್ನೊಂದು ಕಾರಣವೂ ಇದೆ, ರೋಗವೇ ಗುರುತಾಗದಿರುವುದು. 2014ರಲ್ಲಿ 50 ದೇಶಗಳ ಐಸಿಯುಗಳಲ್ಲಿ ನಡೆದ ಲಂಗ್ ಸೇಫ್ ಅಧ್ಯಯನದಲ್ಲಿ, ಎಆರ್‌ಡಿಎಸ್ ಇದ್ದವರ ಪೈಕಿ ವೈದ್ಯರು ಅದನ್ನು ಗುರುತಿಸಿದ್ದು ಸುಮಾರು 60% ಜನರಲ್ಲಿ. ಗುರುತಿಸದ ರೋಗಿಯ ಬಗ್ಗೆ ಯಾರು ತಾನೆ ಸರಿಯಾದ ಉತ್ತರ ಕೊಡೋಕಾಗುತ್ತೆ?

ಹಾಗಾದರೆ ಸರ್ವೆ ದಂಡ ಅಂತೀರಾ? ಸೆಪ್‌ನೆಟ್ ಬರೀ ದಾಖಲೆ ನೋಡಿದ್ದರೆ "ಪಾಲನೆ ಕಡಿಮೆ" ಅಂತಷ್ಟೇ ಗೊತ್ತಾಗ್ತಿತ್ತು. ಅವರಿಗೆ ವಿಷಯ ಗೊತ್ತಿಲ್ಲವೋ, ಗೊತ್ತಿದ್ದೂ ಮಾಡ್ತಿಲ್ಲವೋ, ಮಾಡ್ತಿದ್ದೀವಿ ಅಂತಲೇ ನಂಬಿದ್ದಾರೋ ಅನ್ನೋದು ಕೇಳಿದರೆ ಮಾತ್ರ ತಿಳಿಯುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಗೊತ್ತಿಲ್ಲದವರಿಗೆ ಪಾಠ ಬೇಕು. ಮಾಡ್ತಿದ್ದೀವಿ ಅಂತ ನಂಬಿದವರಿಗೆ ಇನ್ನೊಂದು ಪಾಠ ಮಾಡಿ ಏನೂ ಪ್ರಯೋಜನ ಇಲ್ಲ. ಹಾಸಿಗೆಯ ಪಕ್ಕ ಒಂದು ಅಳತೆ ಟೇಪು ಇಡಬೇಕು.

ಜೊತೆಗೆ, ದಾಖಲೆಯಲ್ಲಿ ಇರದೇ ಇರುವ ವಿಷಯಗಳೂ ಇವೆ. 2010ರಲ್ಲಿ ಯುರೋಪಿನ ಒಂಬತ್ತು ದೇಶಗಳು ಮತ್ತು ಇಸ್ರೇಲ್ ಸೇರಿ 82 ಐಸಿಯುಗಳಲ್ಲಿ, ಒಂದೇ ದಿನ, ನರ್ಸ್‌ಗಳನ್ನೂ ವೈದ್ಯರನ್ನೂ ಕೇಳಿದರು: ಇವತ್ತು ನೀವು ನೋಡಿಕೊಳ್ಳುತ್ತಿರುವ ರೋಗಿಗೆ ಸಿಗುತ್ತಿರುವ ಚಿಕಿತ್ಸೆ ಸೂಕ್ತ ಅನಿಸ್ತಿದೆಯಾ? ಉತ್ತರಿಸಿದವರಲ್ಲಿ 27% ಜನ, ಕನಿಷ್ಠ ಒಬ್ಬ ರೋಗಿಯ ವಿಷಯದಲ್ಲಿ "ಇಲ್ಲ" ಅಂದರು. ಚಿಕಿತ್ಸೆಯ ಪ್ರಮಾಣ ಸರಿಯಿಲ್ಲ ಅಂದವರಲ್ಲಿ ಹೆಚ್ಚಿನವರ ದೂರು ಚಿಕಿತ್ಸೆ ಕಡಿಮೆ ಅಂತಲ್ಲ, ಅತಿಯಾಯಿತು ಅಂತ. ಹೀಗೆ ಅನಿಸಿದವರಲ್ಲಿ ಕೆಲಸ ಬಿಡುವ ಯೋಚನೆಯೂ ಹೆಚ್ಚಾಗಿತ್ತು. ಇದನ್ನು ಯಾವ ಮಾನಿಟರ್ ತೋರಿಸುತ್ತೆ ಹೇಳಿ?

ಪ್ರಶ್ನೆಯ ರೂಪವನ್ನೂ ಗಮನಿಸಿ. "ಸಾಮಾನ್ಯವಾಗಿ" ಅಂತ ಕೇಳಲಿಲ್ಲ, "ಇವತ್ತು, ಈ ರೋಗಿ" ಅಂತ ಕೇಳಿದರು. ನಿಮಗೆ ಬರುವ ಸರ್ವೆಯಲ್ಲಿ "ಸಾಮಾನ್ಯವಾಗಿ" ಅಂತಿದ್ದರೆ, ಇತ್ತೀಚೆಗೆ ನೋಡಿಕೊಂಡ ಮೂವರನ್ನು ನೆನಪು ಮಾಡಿಕೊಂಡು ಉತ್ತರಿಸಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಟಿಕ್ ಹಾಕಿ, ಅದೂ ಮಾಹಿತಿಯೇ.

ಇನ್ನು ಉತ್ತರಿಸದವರ ವಿಷಯ. ಸಾವಿರ ಜನರಿಗೆ ಕಳಿಸಿದ ಸರ್ವೆಗೆ ಇನ್ನೂರು ಉತ್ತರ ಬಂತು ಅಂದುಕೊಳ್ಳಿ. ಸುಸ್ತಾದವರು ಸುಮ್ಮನಿದ್ದರೆ ಫಲಿತಾಂಶದಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅನಿಸುತ್ತದೆ. ಕೋಪ ಬಂದವರು ಮಾತ್ರ ಬರೆದರೆ ಎಲ್ಲ ಕಡೆ ಬೆಂಕಿ ಬಿದ್ದಂತೆ ಕಾಣುತ್ತದೆ. ಲಿಂಕನ್ನು ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಟ್ಟರೆ ಎಷ್ಟು ಜನರಿಗೆ ತಲುಪಿತು ಅನ್ನೋದೂ ತಿಳಿಯೋದಿಲ್ಲ. ಅಂಥ ಸರ್ವೆಯ ಶೇಕಡಾವಾರುಗಳನ್ನು ನಾವು ಉಪ್ಪಿನಕಾಯಿಯಷ್ಟೇ ಬಡಿಸಿಕೊಳ್ತೀವಿ.

ಈಗ ನಮ್ಮ ಕೇಳುಗರ ವಿಷಯಕ್ಕೆ ಬರೋಣ. ಇತ್ತೀಚೆಗೆ ಬಂದ ಆಹ್ವಾನವನ್ನು ಅವರು ನಮಗೂ ಕಳಿಸಿದ್ದರು. ನಡೆಸುವವರು ಯಾರು, ನೈತಿಕ ಸಮಿತಿಯ ಒಪ್ಪಿಗೆ ಇದೆಯಾ, ಉತ್ತರ ಎಲ್ಲಿ ಎಷ್ಟು ಕಾಲ ಇರುತ್ತೆ, ಎಲ್ಲ ಬರೆದಿತ್ತು. ಹೆಸರು ಕೇಳೋದಿಲ್ಲ ಅಂತಲೂ ಇತ್ತು. ಆದರೆ ಕೊನೆಯ ಪುಟದಲ್ಲಿ ವಯಸ್ಸು, ಲಿಂಗ, ಯಾವ ದೇಶದವರು, ಎಷ್ಟು ವರ್ಷದ ಅನುಭವ, ಯಾವ ಯೂನಿಟ್ ಅಂತ ಕೇಳಿದ್ದರು. ಎಂಟು ಹಾಸಿಗೆಯ ಯೂನಿಟ್‌ನಲ್ಲಿ ಮೂವತ್ತೆಂಟು ವರ್ಷದ ಭಾರತೀಯ ನರ್ಸ್ ಎಷ್ಟು ಜನ ಇರ್ತಾರೆ? ಹೆಸರು ಬರೆಯದೆಯೇ ಹೆಸರು ಬರೆದ ಹಾಗಾಯಿತು. ಕೆಲಸದ ಜೊತೆಗೆ ವೀಸಾನೂ ಕಟ್ಟಿಕೊಂಡಿರುವವರಿಗೆ ಇದು ಸಣ್ಣ ಮಾತಲ್ಲ.

ಆ ಪುಟ ಕಡ್ಡಾಯವೇ, ಯೂನಿಟ್ ಮಟ್ಟದ ಫಲಿತಾಂಶ ಆಸ್ಪತ್ರೆಯ ಕೈಗೆ ಹೋಗುತ್ತದೆಯೇ ಅಂತ ಸಂಶೋಧಕರಿಗೆ ಬರೆದು ಕೇಳಿ ಅಂದೆವು. ಕೇಳಿದ್ದಾರೆ. ಉತ್ತರ ಬಂದ ಮೇಲೆ, ರಜೆಯ ದಿನ ಬೆಳಿಗ್ಗೆ, ನಿದ್ದೆ ಮುಗಿಸಿ ತುಂಬ್ತೀನಿ ಅಂದಿದ್ದಾರೆ.